ರೈನ್ ಕಣಿವೆಯೋ, ಮೊಸೆಲ್ ಕಣಿವೆಯೋ: ರಾತ್ರಿ ನಿದ್ದೆ ಬೇಕಾದವರಿಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೊಸೆಲ್‌ಗೆ.

ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿರುವ ನಮ್ಮ ಮನೆಗೆ 2025ರಲ್ಲಿ ವಿಜಯಪುರದಿಂದ ಅಪ್ಪ, ಅವ್ವ ಬಂದಿದ್ದರು. ಆಗಸ್ಟ್ ಕೊನೆಗೆ ರೈನ್ ದಡದ ಕೌಬ್‌ನಲ್ಲಿ ಎರಡು ರಾತ್ರಿ ಉಳಿದೆವು. ಸೆಪ್ಟೆಂಬರ್ ಕೊನೆಗೆ ಮೊಸೆಲ್ ದಡದ ಟ್ರಾಬೆನ್-ಟ್ರಾರ್ಬಾಖ್‌ನಲ್ಲಿ ಎರಡು ರಾತ್ರಿ.

ಕೌಬ್‌ನಲ್ಲಿ ನದಿ ಕಾಣುವ ಕೋಣೆಯೇ ಬೇಕು ಅಂತ ರಾತ್ರಿಗೆ 30 ಯೂರೋ ಜಾಸ್ತಿ ಕೊಟ್ಟಿದ್ದೆ. ರದ್ದು ಮಾಡಿದರೆ ದುಡ್ಡು ವಾಪಸ್ ಇಲ್ಲ. ಕಿಟಕಿ ತೆಗೆದರೆ ನದಿ ನಡುವೆ ಹಡಗು ಲಂಗರು ಹಾಕಿದ ಹಾಗೆ ಫಾಲ್ಟ್ಸ್‌ಗ್ರಾಫೆನ್‌ಷ್ಟೈನ್ ಕೋಟೆ. ಹಿಂದೆ ದೋಣಿಗಳಿಂದ ಸುಂಕ ವಸೂಲಿ ಮಾಡಲು ಕಟ್ಟಿದ್ದು. "ಟೋಲ್ ನಾಕಾ ಇದ್ದಂಗ ಅದ" ಅಂದರು ಅಪ್ಪ. ಎಲ್ಲ ಚೆನ್ನಾಗಿತ್ತು, ದಿಂಬಿನ ಮೇಲಿದ್ದ ಪುಟ್ಟ ಡಬ್ಬಿ ಬಿಚ್ಚುವ ತನಕ. ಚಾಕಲೇಟ್ ಅಂದುಕೊಂಡಿದ್ದೆ. ಒಳಗೆ ಇಯರ್‌ಪ್ಲಗ್ ಇತ್ತು.

ಅದು ಯಾಕೆ ಅಂತ ಹತ್ತು ಗಂಟೆಯ ಮೇಲೆ ಗೊತ್ತಾಯಿತು. ಈ ಕಣಿವೆಯಲ್ಲಿ ನದಿಯ ಎರಡೂ ದಡದಲ್ಲಿ ರೈಲು ಹಳಿ ಇದೆ. ಬಲದಂಡೆಯದು, ಅಂದರೆ ನಮ್ಮ ಕಿಟಕಿ ಕೆಳಗಿನದು, ಮುಖ್ಯವಾಗಿ ಗೂಡ್ಸ್ ಗಾಡಿಗಳದ್ದು. ರಾಟರ್‌ಡ್ಯಾಮ್ ಬಂದರಿನಿಂದ ಇಟಲಿಯ ಜಿನೋವಾ ತನಕ ಸರಕು ಸಾಗುವ ದೊಡ್ಡ ದಾರಿ ಇದೇ ಅಲ್ವಾ, ರಾತ್ರಿಗೆ ಬಿಡುವು ಎಲ್ಲಿಂದ ಬರಬೇಕು? ಕಣಿವೆ ಇಕ್ಕಟ್ಟು. ಎದುರು ದಡದಲ್ಲಿ ಹೋದ ಗಾಡಿಯ ಸದ್ದೂ ಗುಡ್ಡಕ್ಕೆ ಬಡಿದು ನಮ್ಮ ಹತ್ತಿರವೇ ಬರುತ್ತದೆ. ಬಚ್ಚಲಿನಲ್ಲಿ ಬ್ರಷ್ ಇಟ್ಟಿದ್ದ ಗಾಜಿನ ಲೋಟ ಕಣಕಣ ಅನ್ನುತ್ತಿತ್ತು. ಟವೆಲ್ ಸುತ್ತಿಟ್ಟೆ. ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಗಾಡಿ. ಎರಡು ಗಂಟೆಗೆ ಎದ್ದು ನೋಡಿದರೆ ಅವ್ವ ಶಾಲು ಹೊದ್ದು ಕಿಟಕಿ ಹತ್ತಿರ ಕೂತು ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಿದ್ದಾಳೆ. "ಮೂವತ್ತೆಂಟ್ ಆತು, ಇನ್ನೂ ಬರಾಕತ್ತಾವ ನೋಡು."

ಎರಡನೇ ರಾತ್ರಿಯೂ ಇದೇ ಕಥೆ.

ಮೊಸೆಲ್‌ನಲ್ಲಿ ಮುಖ್ಯ ರೈಲು ಮಾರ್ಗ ಬುಲ್ಲೈ ದಾಟಿದ ಮೇಲೆ ನದಿಯನ್ನು ಬಿಟ್ಟು ಬೇರೆ ಕಡೆ ತಿರುಗುತ್ತದೆ. ಅಲ್ಲಿಂದ ಟ್ರಾಬೆನ್‌ಗೆ ಹೋಗುವುದು ಒಂದು ಪುಟ್ಟ ಕವಲು ಗಾಡಿ. ರಾತ್ರಿ ಅದೂ ಇಲ್ಲ. ಕಿಟಕಿ ತೆರೆದೇ ಮಲಗಿದೆವು.

ಕೋಟೆಗಳ ಲೆಕ್ಕದಲ್ಲಿ ರೈನ್ ಗೆಲ್ಲುತ್ತದೆ, ಮಾತಿಲ್ಲ. ತಲುಪುವುದೂ ರೈನ್ ಸುಲಭ. ಮೊಸೆಲ್‌ಗೆ ಕೋಬ್ಲೆಂಜ್, ಬುಲ್ಲೈ ಎರಡೂ ಕಡೆ ಗಾಡಿ ಬದಲಿಸಬೇಕು. ಆಗ 58 ಯೂರೋ ಇದ್ದ ಡಾಯ್ಚ್‌ಲ್ಯಾಂಡ್ ಟಿಕೆಟ್, ಅಂದರೆ ಸ್ಥಳೀಯ ರೈಲು-ಬಸ್ಸುಗಳ ತಿಂಗಳ ಪಾಸ್, ಎರಡೂ ಕಡೆ ನಡೆಯಿತು.

ಊಟದ ವಿಷಯಕ್ಕೆ ಬಂದರೆ, ಅವ್ವ ಮಾಂಸ ಮುಟ್ಟುವುದಿಲ್ಲ. ರೈನ್ ದಡದ ಹೋಟೆಲಿನಲ್ಲಿ ಅವಳಿಗೆ ಸಿಕ್ಕಿದ್ದು ಎರಡು ದಿನವೂ ಫ್ರೈಸ್ ಮತ್ತು ಸೊಪ್ಪು. ಮೊಸೆಲ್‌ನಲ್ಲಿ ಸ್ಟ್ರೌಸ್‌ವಿರ್ಟ್‌ಶಾಫ್ಟ್‌ಗೆ ಹೋದೆವು. ದ್ರಾಕ್ಷಿ ಬೆಳೆಯುವವರು ಮನೆಯಲ್ಲೇ ತಮ್ಮದೇ ವೈನ್ ಮಾರುವ ಜಾಗ ಇದು. ವರ್ಷಕ್ಕೆ ನಾಲ್ಕೇ ತಿಂಗಳು, ನಲವತ್ತಕ್ಕಿಂತ ಜಾಸ್ತಿ ಕುರ್ಚಿ ಹಾಕುವಂತಿಲ್ಲ. ಆ ಹೊತ್ತಿನ ವಿಶೇಷ ಈರುಳ್ಳಿ ಕೇಕ್, ಜೊತೆಗೆ ಇನ್ನೂ ಹುಳಿಯುತ್ತಲೇ ಇರುವ ಮೋಡದ ಬಣ್ಣದ ಹೊಸ ವೈನ್, ಫೆಡರ್‌ವೈಸರ್. ಕೇಕಿನಲ್ಲಿ ಹಂದಿ ಮಾಂಸದ ಚೂರಿತ್ತು. ಮನೆಯಾಕೆ ಅವ್ವನ ಮುಖ ನೋಡಿ ಒಳಗೆ ಹೋಗಿ ಆಲೂಗಡ್ಡೆ ತುರಿದು ಬಿಸಿಬಿಸಿ ಕರಿದು ತಂದರು, ಪಕ್ಕದಲ್ಲಿ ಸೇಬಿನ ಗೊಜ್ಜು. ಅವ್ವ ಗೊಜ್ಜು ಬದಿಗಿಟ್ಟು ಚೀಲದಿಂದ ಶೇಂಗಾ ಚಟ್ನಿ ತೆಗೆದಳು. ಮನೆಯಾಕೆಗೂ ಒಂದು ಚಮಚ ಹೋಯಿತು. ಕುಡಿಯಲು ಅವ್ವನಿಗೆ ದ್ರಾಕ್ಷಿ ರಸ, ನನಗೆ ರೀಸ್ಲಿಂಗ್ ಅನ್ನುವ ತುಸು ಸಿಹಿ ಇರುವ ಬಿಳಿ ವೈನ್. ಖಾರಕ್ಕೆ ಅದೇ ಸರಿ. ಕಾಬಿನೆಟ್ ಅನ್ನುವ ಬಗೆಯದು ಕೇಳಿ, ಆಲ್ಕೋಹಾಲ್ ಸುಮಾರು ಎಂಟೊಂಬತ್ತು ಶೇಕಡಾ ಅಷ್ಟೇ. ರೈನ್‌ನ ರೀಸ್ಲಿಂಗಿಗೂ ಇದಕ್ಕೂ ನನ್ನ ನಾಲಿಗೆಗೆ ವ್ಯತ್ಯಾಸ ತಿಳಿಯಲಿಲ್ಲ.

(ಫೆಡರ್‌ವೈಸರ್ ಬಾಟಲಿಯನ್ನು ಬ್ಯಾಗಿನಲ್ಲಿ ಅಡ್ಡ ಮಲಗಿಸಬೇಡಿ. ಗ್ಯಾಸ್ ಹೊರಹೋಗಲಿ ಅಂತ ಮುಚ್ಚಳ ಸಡಿಲ ಬಿಟ್ಟಿರುತ್ತಾರೆ. ಅಪ್ಪನ ಸ್ವೆಟರ್ ಹೋಯಿತು.)

ಅಪ್ಪನಿಗೆ ಹಿಡಿಸಿದ್ದು ತೋಟ. ನಮ್ಮ ಕಡೆ ದ್ರಾಕ್ಷಿ ಬಳ್ಳಿಗೆ ಸಮತಟ್ಟು ಹೊಲದಲ್ಲಿ ಚಪ್ಪರ. ಇಲ್ಲಿ ನಿಂತರೆ ಜಾರುವಂಥ ಗುಡ್ಡದಲ್ಲಿ ಒಂದೊಂದು ಬಳ್ಳಿಗೆ ಒಂದೊಂದು ಗೂಟ. ನೆಲದ ತುಂಬ ಕರಿ ಸ್ಲೇಟ್ ಕಲ್ಲಿನ ಚೂರು. ಹೊತ್ತು ಮುಳುಗಿದ ಮೇಲೆ ಅಪ್ಪ ಒಂದು ಚೂರು ಎತ್ತಿ ನನ್ನ ಅಂಗೈಗೆ ಇಟ್ಟರು. ಇನ್ನೂ ಬೆಚ್ಚಗಿತ್ತು. ಹಗಲಿನ ಬಿಸಿಲನ್ನು ರಾತ್ರಿ ಬಳ್ಳಿಗೆ ಉಣಿಸುವುದು ಈ ಕಲ್ಲೇ. ರೈನ್‌ನಲ್ಲೂ ಇಂಥ ಗುಡ್ಡಗಳಿವೆ, ಆದರೆ ನಿದ್ದೆಗೆಟ್ಟು ಅಪ್ಪ ಹತ್ತಲೇ ಇಲ್ಲ.

ಖರ್ಚು: ಮೊಸೆಲ್‌ನಲ್ಲಿ ದ್ರಾಕ್ಷಿ ಬೆಳೆಗಾರರ ಮನೆಯ ಕೋಣೆ, ಬೆಳಗಿನ ತಿಂಡಿ ಸೇರಿಯೂ ರೈನ್‌ಗಿಂತ ಅಗ್ಗವಾಯಿತು. ನಾನು ಬೇಗ ಮಲಗುವವನು, ಕಾರಿಲ್ಲದವನು, ದಿನಕ್ಕೆ ಒಂದೇ ಜಾಗ ನೋಡುವವನು. ಹಾಗಾಗಿ ರಾತ್ರಿ ಉಳಿಯಲು ಮೊಸೆಲ್. ರೈನ್‌ಗೆ ಈಗಲೂ ಹೋಗುತ್ತೇವೆ. ಬೆಳಿಗ್ಗೆ ಹೋಗಿ, ಬೋಟು ಹತ್ತಿ, ಸಂಜೆ ಮನೆಗೆ. ಉಳಿಯಲೇಬೇಕು ಅಂತಿದ್ದರೆ ನದಿ ಕಾಣದ, ಹಿಂಬದಿಯ ಕೋಣೆ ಕೇಳಿ. ಅದು 30 ಯೂರೋ ಕಮ್ಮಿಯೂ ಹೌದು.