ಹವಳಕ್ಕೆ ಬಿಸಿಯೋ, ಆಮ್ಲವೋ: ವಿಜ್ಞಾನ ಪ್ರದರ್ಶನಕ್ಕೆ ಯಾವುದು ಸೂಕ್ತ?

ಬೆಂಗಳೂರಿನ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹವಳದ ದಿಬ್ಬಗಳನ್ನು ಆರಿಸಿಕೊಂಡವರು ಸಮುದ್ರದ ಬಿಸಿ, ಆಮ್ಲೀಕರಣ (ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ನೀರಿನ ಆಮ್ಲೀಯತೆ ಹೆಚ್ಚುವುದು) ಎರಡರಲ್ಲಿ ಒಂದನ್ನು ಮಾತ್ರ ಹಿಡಿಯುವುದು ಒಳ್ಳೆಯದು. ಬೇಸಿಗೆಯ ವಾಡಿಕೆಯ ಗರಿಷ್ಠ ಉಷ್ಣಾಂಶಕ್ಕಿಂತ ನೀರು 1 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ಉಳಿದರೆ, ಹವಳವು ತನಗೆ ಆಹಾರವನ್ನೂ ಬಣ್ಣವನ್ನೂ ಕೊಡುವ ಸೂಕ್ಷ್ಮ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಆದದ್ದು ಇದೇ. ಆಮ್ಲೀಕರಣದ ಪೆಟ್ಟು ನಿಧಾನವಾದದ್ದು: ಕೈಗಾರಿಕಾ ಯುಗಕ್ಕೆ ಮುಂಚೆ ಸುಮಾರು 8.2 ಇದ್ದ ಮೇಲ್ಮೈ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ; ಇಳಿದಷ್ಟೂ ಆಮ್ಲೀಯತೆ ಹೆಚ್ಚು) ಈಗ 8.1ರ ಆಸುಪಾಸಿಗೆ ಇಳಿದಿದ್ದು, ಸುಣ್ಣಕ್ಕೆ ಬೇಕಾದ ಕಾರ್ಬೊನೇಟ್ ಅಯಾನುಗಳು ಕಡಿಮೆಯಾಗಿ ಹವಳಕ್ಕೆ ಸುಣ್ಣದ ಗೂಡು ಕಟ್ಟುವುದು ಕಷ್ಟವಾಗುತ್ತಿದೆ. ಸದ್ಯಕ್ಕೆ ಹೆಚ್ಚು ಕೊಲ್ಲುತ್ತಿರುವುದು ಬಿಸಿಯೇ. ಆದರೂ ಮೇಜಿನ ಮೇಲೆ ತೋರಿಸಲು ನನ್ನ ಆಯ್ಕೆ ಆಮ್ಲೀಕರಣ. ಹವಳದ ಗೂಡಿನಂತೆ ಸುಣ್ಣದ್ದೇ ಆದ ಮೊಟ್ಟೆಯ ಚಿಪ್ಪು ವಿನೆಗರ್‌ನಲ್ಲಿ ಕರಗುವುದು ಕಣ್ಣಿಗೇ ಕಾಣುತ್ತದೆ (ಸಮುದ್ರದ ನೀರು ಇನ್ನೂ ಕ್ಷಾರೀಯವೇ ಎಂಬ ಚೀಟಿಯನ್ನು ಪಕ್ಕದಲ್ಲಿ ಅಂಟಿಸಲು ಮರೆಯಬಾರದು).