ಹೂಮಳೆಯ ಕಾಲಕ್ಕೆ ಯಾವ ಹೆಲ್ಮೆಟ್?

ಕಾಫಿ ಕೊಯ್ಲು ಮುಗಿದು ಕಣದ ಕೆಲಸ ಹಗುರಾದ ಮೇಲೆ ಚಿಕ್ಕಮಗಳೂರಿನ ಗಿರಿ ರಸ್ತೆಗಳಲ್ಲಿ ಬೈಕುಗಳ ಸಂಖ್ಯೆ ಏರುತ್ತದೆ. ಅಲ್ಲಿಂದ ಮುಂಗಾರಿನವರೆಗೆ ಸವಾರಿಗೆ ಒಳ್ಳೆಯ ಕಾಲವೇ. ಆದರೆ ಬೆಳಗಿನ ಮಂಜು, ಮಧ್ಯಾಹ್ನದ ಧೂಳು, ಸಂಜೆ ಏಕಾಏಕಿ ಸುರಿಯುವ ಮಳೆ, ಮೂರೂ ಒಂದೇ ದಿನದಲ್ಲಿ ಎದುರಾಗುವುದೂ ಆಗಲೇ. ಹೀಗಾಗಿ ಮುಖ ತೆರೆದ ಹೆಲ್ಮೆಟ್, ಗದ್ದದ ಭಾಗವನ್ನು ಮೇಲೆತ್ತಬಹುದಾದ ಮಾಡ್ಯುಲರ್ ಮತ್ತು ಗದ್ದವೂ ಸೇರಿ ಇಡೀ ಮುಖ ಮುಚ್ಚುವ ಫುಲ್ ಫೇಸ್, ಈ ಮೂರು ಬಗೆಯನ್ನೂ ಕೈಮರದಿಂದ ಮುಳ್ಳಯ್ಯನಗಿರಿಯ ಕಡೆಗೂ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಗೂ ಧರಿಸಿ ನೋಡಿದ್ದೇನೆ. ಮೂರಕ್ಕೂ ಐಎಸ್‌ಐ ಗುರುತಿದೆ. 2021ರ ಜೂನ್‌ನಿಂದ ಆ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲವಾದ್ದರಿಂದ ರಸ್ತೆ ಬದಿಯ ಟೊಪ್ಪಿಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಮುಖ ತೆರೆದ ಹೆಲ್ಮೆಟ್ ಪೇಟೆಯೊಳಗೆ ಸುಖಕರ. ತೂಕ ಕಡಿಮೆ, ಗಾಳಿ ಚೆನ್ನಾಗಿ ಆಡುತ್ತದೆ, ಹಿಂದಿನ ವಾಹನದ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ತೋಟದ ರಸ್ತೆಗೆ ಇಳಿದ ಕೂಡಲೇ ಅದರ ಮಿತಿ ತಿಳಿಯುತ್ತದೆ. ಹೂಮಳೆ, ಅಂದರೆ ಕಾಫಿಯ ಹೂವರಳಿಸುವ ಬೇಸಿಗೆಯ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಗಿಡಗಳು ಬೆಳ್ಳಗೆ ಅರಳಿದಾಗ ರಸ್ತೆಯ ಎರಡೂ ಬದಿಯಲ್ಲಿ ಜೇನುಹುಳುಗಳ ಓಡಾಟ ವಿಪರೀತವಾಗಿರುತ್ತದೆ. ಸಾಧಾರಣ ವೇಗದಲ್ಲಿದ್ದರೂ ಒಂದು ಹುಳು ತುಟಿಗೆ ಬಡಿದರೆ ಕೈ ತಾನಾಗಿಯೇ ಹ್ಯಾಂಡಲ್ ಬಿಟ್ಟು ಮುಖಕ್ಕೆ ಹೋಗುತ್ತದೆ, ಅದೂ ತಿರುವಿನಲ್ಲಿ. ಬಿದ್ದರೆ ಗದ್ದಕ್ಕೆ ಯಾವ ರಕ್ಷಣೆಯೂ ಇಲ್ಲವೆಂಬುದು ಬೇರೆ.

ಮಾಡ್ಯುಲರ್‌ನ ಅನುಕೂಲ ಕನ್ನಡಕ ಹಾಕುವವರಿಗೆ ಹೆಚ್ಚು. ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ನಿಂತಾಗ ಹೆಲ್ಮೆಟ್ ಕಳಚದೆಯೇ ಗದ್ದದ ಭಾಗ ಎತ್ತಿದರೆ ಸಾಕು. ಆದರೆ ಎತ್ತಿದ್ದನ್ನು ಹಾಗೆಯೇ ಬಿಟ್ಟು ಹೊರಡುವ ಸವಾರರೇ ಬಹಳ. ಯುರೋಪಿನ ಇಸಿಇ ಮಾನದಂಡದಲ್ಲಿ 'ಪಿ/ಜೆ' ಎಂದು ಗುರುತಿಸಿದ ಹೆಲ್ಮೆಟ್‌ಗಳು ಮಾತ್ರ ತೆರೆದ ಮತ್ತು ಮುಚ್ಚಿದ ಎರಡೂ ಸ್ಥಿತಿಗೆ ಅನುಮೋದನೆ ಪಡೆದಿರುತ್ತವೆ. ಬರೀ 'ಪಿ' ಇದ್ದರೆ ಮುಚ್ಚಿಕೊಂಡೇ ಓಡಿಸಬೇಕು. ಕೀಲಿನ ಭಾಗದಿಂದಾಗಿ ತೂಕವೂ ಹೆಚ್ಚು, ಗಾಳಿಯ ಸದ್ದೂ ಹೆಚ್ಚು. ಚಾರ್ಮಾಡಿಯ ಹೇರ್‌ಪಿನ್ ತಿರುವುಗಳಲ್ಲಿ ಮುಂದಿನ ರಸ್ತೆಗಾಗಿ ಪದೇ ಪದೇ ಕತ್ತು ಹೊರಳಿಸುವಾಗ ಆ ತೂಕ ನನಗೆ ಸಹನೀಯವೆನಿಸಲಿಲ್ಲ.

ನನ್ನ ಆಯ್ಕೆ ಫುಲ್ ಫೇಸ್. ಅದರ ದೊಡ್ಡ ದೋಷವನ್ನು ಅರಿತೇ ಹೇಳುತ್ತಿದ್ದೇನೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯತ್ತ ಬೆಳಿಗ್ಗೆ ಹತ್ತುವಾಗ, ಸೀತಾಳಯ್ಯನಗಿರಿಯ ಹತ್ತಿರ ಬರುವಷ್ಟರಲ್ಲಿ ಉಸಿರಿನ ತೇವ ತಣ್ಣನೆಯ ವೈಸರ್‌ನ (ಕಣ್ಣಿನ ಮುಂದಿನ ಪಾರದರ್ಶಕ ಪರದೆಯ) ಒಳಮೈಗೆ ಕುಳಿತು ರಸ್ತೆಯೇ ಮಸುಕಾಗುತ್ತದೆ. ವೈಸರನ್ನು ಒಂದು ಹಲ್ಲಿನಷ್ಟು ಎತ್ತಿದರೆ ಮಸುಕು ಕರಗುತ್ತದೆ, ಆದರೆ ಕಣ್ಣಿಗೆ ನೀರು ಬರುತ್ತದೆ. ವೈಸರ್‌ನ ಒಳಗೆ ಕೂರುವ, ಮಸುಕು ತಡೆಯುವ ಪಿನ್‌ಲಾಕ್ ಹಾಳೆ ಕೂರಿಸಿದ ಮೇಲೆ ಈ ತೊಡಕು ಬಹುಮಟ್ಟಿಗೆ ತಪ್ಪಿತು. ಅದರ ಅಂಚಿನ ಸಿಲಿಕೋನ್ ಪಟ್ಟಿಯು ವೈಸರ್ ಮತ್ತು ಹಾಳೆಯ ನಡುವೆ ಗಾಳಿಯ ತೆಳುಪದರವನ್ನು ಹಿಡಿದಿಡುವುದರಿಂದ ಒಳಮೈ ಅಷ್ಟು ತಣ್ಣಗಾಗುವುದಿಲ್ಲ. ಹಾಳೆ ಕೂರಿಸಲು ವೈಸರ್‌ನಲ್ಲಿ ಎರಡು ಗೂಟಗಳಿರಬೇಕಾದ್ದರಿಂದ ಕೊಳ್ಳುವಾಗಲೇ ಅದನ್ನು ನೋಡಿಕೊಳ್ಳುವುದು ಲೇಸು.

ಧೂಳಿನ ವಿಷಯದಲ್ಲಿ ಮೂರಕ್ಕೂ ಒಂದೇ ನಿಯಮ. ಪಾಲಿಕಾರ್ಬೊನೇಟ್ ವೈಸರನ್ನು ಒಣಬಟ್ಟೆಯಿಂದ ತಿಕ್ಕಿದರೆ ಗೀರು ಬಿದ್ದು, ಕತ್ತಲಾದ ಮೇಲೆ ಎದುರಿನ ಜೀಪಿನ ಬೆಳಕು ಆ ಗೀರುಗಳ ಮೇಲೆ ಚದುರಿ ಕಣ್ಣು ಕೋರೈಸುತ್ತದೆ. ಒದ್ದೆ ಬಟ್ಟೆಯನ್ನು ಸ್ವಲ್ಪ ಹೊತ್ತು ಹೊದಿಸಿಟ್ಟು ನಂತರ ಒರೆಸಬೇಕು. ಕಪ್ಪು ವೈಸರ್ ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಅಷ್ಟೆ.

ಬಗೆಗಿಂತಲೂ ಅಳತೆ ಮುಖ್ಯ. ಪಟ್ಟಿ ಬಿಗಿದ ಮೇಲೆ ಹಿಂಭಾಗದ ಕೆಳ ಅಂಚನ್ನು ಹಿಡಿದು ಮುಂದಕ್ಕೆ ಎತ್ತಿದಾಗ ಹೆಲ್ಮೆಟ್ ಕಳಚಿ ಬಂದರೆ ಅದು ತಲೆಗೆ ದೊಡ್ಡದು. ಮುಂದೆ ಕುಳಿತವರು ಫುಲ್ ಫೇಸ್ ಧರಿಸಿ, ಮನೆಯಲ್ಲಿದ್ದ ಹಳೆಯ ಸಡಿಲ ಹೆಲ್ಮೆಟ್ಟನ್ನು ಹಿಂದೆ ಕೂರುವವರ ಕೈಗೆ ಕೊಡುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿರುವುದರಿಂದ, ಈ ಪರೀಕ್ಷೆಯನ್ನು ಹಿಂಬದಿ ಸವಾರರ ತಲೆಯ ಮೇಲೆಯೇ ಮೊದಲು ಮಾಡಬೇಕು.