ಸೆನ್ನಾನಾ, ಶುಮಾಕರಾ? ಗೆಲುವನ್ನು ಬದಿಗಿಟ್ಟು ನೋಡಿದರೆ

ಇಬ್ಬರಲ್ಲಿ ಯಾರನ್ನು ಮೆಚ್ಚಬೇಕು ಅಂತ ಯೋಚಿಸುತ್ತಿದ್ದೀರಾ? ಪ್ರಶಸ್ತಿ ಲೆಕ್ಕ ಸುಲಭ. ಮೈಕೆಲ್ ಶುಮಾಕರ್ 7 ಸಲ ಫಾರ್ಮುಲಾ ಒನ್ ಕಾರ್ ರೇಸ್ ಚಾಂಪಿಯನ್, ಐರ್ಟನ್ ಸೆನ್ನಾ 3 ಸಲ. ಗುಣದ ಲೆಕ್ಕ ಅಷ್ಟು ಸಲೀಸಲ್ಲ.

ಅಡ್ಡದಾರಿ ಹಿಡಿಯುವುದರಲ್ಲಿ ಯಾರೂ ಕಡಿಮೆಯಿಲ್ಲ. 1990ರಲ್ಲಿ ಜಪಾನಿನ ಸುಝುಕಾ ಟ್ರ್ಯಾಕ್‌ನ ಮೊದಲ ತಿರುವಿನಲ್ಲೇ ಸೆನ್ನಾ, ಪ್ರಶಸ್ತಿಗೆ ಪೈಪೋಟಿಯಲ್ಲಿದ್ದ ಅಲೈನ್ ಪ್ರಾಸ್ಟ್ ಕಾರಿಗೆ ಗುದ್ದಿದರು. ಇಬ್ಬರೂ ರೇಸ್‌ನಿಂದ ಹೊರಬಿದ್ದರು, ಅಂಕಗಳಲ್ಲಿ ಮುಂದಿದ್ದ ಸೆನ್ನಾಗೆ ಆ ವರ್ಷದ ಪ್ರಶಸ್ತಿ ಹೋಯಿತು. ಬೇಕಂತಲೇ ಗುದ್ದಿದ್ದು ಎಂದು ಮರುವರ್ಷ ಅವರೇ ಒಪ್ಪಿಕೊಂಡರು. ಶುಮಾಕರ್ 1997ರಲ್ಲಿ ಸ್ಪೇನ್‌ನ ಹೆರೆಸ್‌ನಲ್ಲಿ ಪ್ರತಿಸ್ಪರ್ಧಿ ಜಾಕ್ ವಿಲ್ನೆವ್ ಕಡೆಗೆ ಕಾರು ತಿರುಗಿಸಿದರು. ಅದಕ್ಕೆ ಆ ವರ್ಷದ ಎರಡನೇ ಸ್ಥಾನವೇ ಹೋಯಿತು. ಆದರೂ ಬುದ್ಧಿ ಬರಲಿಲ್ಲ. 2006ರಲ್ಲಿ ಮೊನಾಕೊದಲ್ಲಿ, ರೇಸ್‌ನಲ್ಲಿ ಯಾರು ಎಲ್ಲಿಂದ ಹೊರಡಬೇಕೆಂದು ತೀರ್ಮಾನಿಸುವ ಅರ್ಹತಾ ಸುತ್ತಿನ ಕೊನೆಯಲ್ಲಿ, ಬೇರೆಯವರ ವೇಗಕ್ಕೆ ಅಡ್ಡಿಯಾಗುವಂತೆ ಟ್ರ್ಯಾಕ್ ಮೇಲೇ ಕಾರು ನಿಲ್ಲಿಸಿದರು. ಅಧಿಕಾರಿಗಳು ಅವರನ್ನು ರೇಸ್ ಹೊರಡುವ ಸಾಲಿನ ಕೊನೆಗೆ ಕಳಿಸಿದರು.

ಒಳ್ಳೆಯತನಕ್ಕೆ ಬಂದರೆ, ಶುಮಾಕರ್ 2004ರ ಸುನಾಮಿ ಸಂತ್ರಸ್ತರಿಗೆ 1 ಕೋಟಿ ಡಾಲರ್ ಕೊಟ್ಟರು. ಸಣ್ಣ ಮಾತಲ್ಲ, ಅಲ್ವಾ? ಆದರೆ ನನಗೆ ಜಾಸ್ತಿ ನೆನಪಾಗುವುದು 1992ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕ್‌ನಲ್ಲಿ ನಡೆದದ್ದು. ಅಭ್ಯಾಸದ ವೇಳೆ ಇನ್ನೊಬ್ಬ ಚಾಲಕ ಎರಿಕ್ ಕೊಮಾಸ್ ಡಿಕ್ಕಿ ಹೊಡೆದು ಪ್ರಜ್ಞೆ ತಪ್ಪಿದ್ದರು. ಎಂಜಿನ್ ಇನ್ನೂ ಅಬ್ಬರಿಸುತ್ತಿತ್ತು. ಸೆನ್ನಾ ತಮ್ಮ ಕಾರು ನಿಲ್ಲಿಸಿ, ಟ್ರ್ಯಾಕ್ ಮೇಲೆ ಓಡಿ ಹೋಗಿ ಎಂಜಿನ್ ಆರಿಸಿದರು. ಉಳಿದ ಕಾರುಗಳು ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಯೋಚನೆ ಮಾಡಿ ಮಾಡಿದ ಕೆಲಸವಲ್ಲ ಅದು.

ನನ್ನ ಮತ ಸೆನ್ನಾಗೆ, ಕೂದಲೆಳೆ ಅಂತರದಲ್ಲಿ. ಸುಝುಕಾ ಮರೆಯಲು ನಿಮಗೆ ಆಗದಿದ್ದರೆ ನಾನು ಜಗಳಕ್ಕೆ ಬರುವುದಿಲ್ಲ.